ಸಿನಿಮಾ ಹೇಗಿದೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ

ಸಿನಿಮಾ ನೋಡಿ ಬಂದವರನ್ನು 'ಹೇಗಿದೆ?' ಎಂದು ಕೇಳುವುದು ಹಳೆಯ ರೂಢಿ. ಆ ಪ್ರಶ್ನೆಗೆ ಬಹಿರಂಗವಾಗಿ ಉತ್ತರಿಸದಂತೆ ನ್ಯಾಯಾಲಯದಿಂದ ತಡೆ ತರುವುದು ಮಾತ್ರ ಹೊಸ ಬೆಳವಣಿಗೆ. 2025ರ ಡಿಸೆಂಬರ್‌ನಲ್ಲಿ ದರ್ಶನ್ ಅಭಿನಯದ 'ದಿ ಡೆವಿಲ್' ತೆರೆಕಂಡಾಗ, ಬುಕ್‌ಮೈಶೋ ತಾಣದಲ್ಲಿ ಪ್ರೇಕ್ಷಕರು ಅಂಕ ನೀಡುವ ಮತ್ತು ಅಭಿಪ್ರಾಯ ಬರೆಯುವ ಸೌಲಭ್ಯವನ್ನು ನ್ಯಾಯಾಲಯದ ಆದೇಶದನ್ವಯ ಸ್ಥಗಿತಗೊಳಿಸಲಾಗಿತ್ತು. ಮರುತಿಂಗಳು, 2026ರ ಸಂಕ್ರಾಂತಿಗೆ ಬಂದ ಚಿರಂಜೀವಿಯವರ 'ಮನ ಶಂಕರ ವರಪ್ರಸಾದ್ ಗಾರು' ಚಿತ್ರಕ್ಕೂ ಅದೇ ಬಗೆಯ ರಕ್ಷಣೆ ದೊರೆಯಿತು. ಒಂದು ನಮ್ಮ ತಾಯ್ನುಡಿಯ ಚಿತ್ರ, ಇನ್ನೊಂದು ನಾವು ನೆಲೆಸಿರುವ ನಾಡಿನ ಚಿತ್ರ. ಆದ್ದರಿಂದ ಹೈದರಾಬಾದಿನ ಕನ್ನಡ ಕುಟುಂಬಗಳಾದ ನಾವು ಈ ಸಂಗತಿಯನ್ನು ಎರಡು ಪಟ್ಟು ಆಸಕ್ತಿಯಿಂದ ನೋಡಬೇಕಾಗಿದೆ.

ಇದು ಎರಡು ಚಿತ್ರಗಳಿಗೆ ಸೀಮಿತವಾದ ವಿಷಯವೂ ಅಲ್ಲ. 2023ರಲ್ಲಿ ಚಿತ್ರವಿಮರ್ಶೆಯ ಹೆಸರಿನ ದಾಳಿಗಳ ಪ್ರಶ್ನೆ ಕೇರಳ ಹೈಕೋರ್ಟಿನ ಮುಂದೆ ಬಂದಿತು. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು 2024ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿ, ಬಿಡುಗಡೆಯಾದ 48 ಗಂಟೆಗಳವರೆಗೆ ವಿಮರ್ಶೆ ಪ್ರಕಟಿಸದಿರುವುದು ಒಳಿತೆಂದು ಸಲಹೆ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆಗಳನ್ನು ನಿರ್ಬಂಧಿಸಬೇಕೆಂದು ಮದ್ರಾಸ್ ಹೈಕೋರ್ಟಿನ ಮೊರೆ ಹೋದರು. ಅಂಥ ಮಧ್ಯಂತರ ಆದೇಶ ನೀಡಲು ನ್ಯಾಯಾಲಯ ಒಪ್ಪಲಿಲ್ಲ.

ನಿರ್ಮಾಪಕರ ಅಳಲಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಹಣ ಪಡೆದು ಹೊಗಳುವವರೂ ಇದ್ದಾರೆ, ಹಣ ಸಿಗದೆಂದು ತೆಗಳುವವರೂ ಇದ್ದಾರೆ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬ ನಟನ ಚಿತ್ರಕ್ಕೆ, ಅದನ್ನು ನೋಡುವ ಗೋಜಿಗೇ ಹೋಗದೆ, ಹತ್ತಕ್ಕೆ ಒಂದು ಅಂಕ ಕೊಟ್ಟು ಕೈತೊಳೆದುಕೊಳ್ಳುವುದುಂಟು. ಬ್ಯಾಂಕಿನ ವೃತ್ತಿಯಲ್ಲಿ ದಶಕಗಳನ್ನು ಕಳೆದ ನಮ್ಮಂಥವರಿಗೆ ಇದನ್ನು ಅರಿಯುವುದು ಕಷ್ಟವೇನಲ್ಲ. ಸಹಿಯಿಲ್ಲದ ಚೆಕ್ಕಿನಲ್ಲಿ ಎಷ್ಟು ದೊಡ್ಡ ಮೊತ್ತ ಬರೆದಿದ್ದರೂ ಅದಕ್ಕೆ ಬೆಲೆಯಿಲ್ಲ. ಬರೆದವರು ಯಾರು, ಅವರ ಖಾತೆಯಲ್ಲಿ ಏನಿದೆ ಎಂಬುದೇ ಅದರ ಜೀವ. ಇಂದು ಚಿತ್ರಗಳ ಕುರಿತು ಹರಿದಾಡುವ ಅಭಿಪ್ರಾಯಗಳಲ್ಲಿ ಬಹುಪಾಲು ಸಹಿಯಿಲ್ಲದ ಚೆಕ್ಕುಗಳೇ. ಆದರೆ ಅದಕ್ಕಾಗಿ ಬ್ಯಾಂಕಿನ ಬಾಗಿಲನ್ನೇ ಮುಚ್ಚುವುದು ಪರಿಹಾರವಲ್ಲ. ಕಪಟಿಗಳ ಬಾಯಿಗೆ ಹಾಕಿದ ಬೀಗ ಪ್ರಾಮಾಣಿಕರ ಬಾಯಿಗೂ ಬೀಳುತ್ತದೆ.

ಪ್ರಾಮಾಣಿಕವಾದ ಬಾಯಿಮಾತಿಗೆ ಎಂಥ ಶಕ್ತಿಯಿತ್ತೆಂಬುದಕ್ಕೆ ಈ ತೆಲುಗು ನೆಲದಲ್ಲೇ ಉದಾಹರಣೆಯಿದೆ. ಕೆ. ವಿಶ್ವನಾಥ್ ನಿರ್ದೇಶನದ 'ಶಂಕರಾಭರಣಂ' 1980ರ ಫೆಬ್ರವರಿಯಲ್ಲಿ ತೆರೆಕಂಡಾಗ ಮೊದಲ ದಿನಗಳಲ್ಲಿ ಪ್ರೇಕ್ಷಕರು ವಿರಳವಾಗಿದ್ದರು. ದೊಡ್ಡ ನಾಯಕನಟರಿಲ್ಲದ, ಶಾಸ್ತ್ರೀಯ ಸಂಗೀತವನ್ನೇ ನೆಚ್ಚಿದ ಚಿತ್ರವದು. ನೋಡಿದವರು ನೋಡದವರಿಗೆ ಹೇಳಿದರು, ಅವರು ತಮ್ಮ ಮನೆಯವರನ್ನು ಕರೆತಂದರು. ಮುಂದೆ ಕರ್ನಾಟಕದಲ್ಲಿಯೂ ತೆಲುಗಿನಲ್ಲೇ ಪ್ರದರ್ಶನಗೊಂಡು, ಭಾಷೆ ಪೂರ್ತಿ ತಿಳಿಯದವರ ಮನಸ್ಸನ್ನೂ ಗೆದ್ದಿತು. ಅಂದು ಬಾಯಿಮಾತು ಕಾಲ್ನಡಿಗೆಯಲ್ಲಿ ಬಂದರೂ ಚಿತ್ರ ಅದಕ್ಕಾಗಿ ಕಾದಿರುತ್ತಿತ್ತು. 'ಸುಧಾ'ದಲ್ಲಿ ವಿಮರ್ಶೆ ಓದಿದ ಮೇಲೆ ಹೊರಟರೂ ಸಿನಿಮಾ ಊರಿನಲ್ಲಿರುತ್ತಿತ್ತು.

ಇಂದು ಹಾಗಿಲ್ಲ. ಶುಕ್ರವಾರ ತೆರೆಕಂಡ ಚಿತ್ರದ ಹಣೆಬರಹ ಭಾನುವಾರ ರಾತ್ರಿಗೆ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮಲ್ಟಿಪ್ಲೆಕ್ಸುಗಳು ಮುಂಗಡ ಬುಕಿಂಗನ್ನೂ ಮೊದಲ ಮೂರು ದಿನಗಳ ಗಳಿಕೆಯನ್ನೂ ನೋಡಿ ಸೋಮವಾರದಿಂದ ಪ್ರದರ್ಶನಗಳನ್ನು ಹೆಚ್ಚಿಸುತ್ತವೆ, ಇಲ್ಲವೆ ಕಡಿತಗೊಳಿಸುತ್ತವೆ. ಅಭಿಪ್ರಾಯಕ್ಕೆ ಇಷ್ಟೊಂದು ಬೆಲೆ ಬಂದದ್ದೂ, ಅದನ್ನು ಕೊಳ್ಳುವವರು ಹುಟ್ಟಿಕೊಂಡದ್ದೂ, ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಈ ಮೂರು ದಿನಗಳ ಗಡುವಿನಿಂದಲೇ.

ಈ ಗಡುವು ಹೊರನಾಡ ಕನ್ನಡಿಗರಿಗೆ ತಟ್ಟುವ ಬಗೆ ಬೇರೆ. ಶಂಶಾಬಾದನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಗುರುತು ಸಿಗದಷ್ಟು ಬೆಳೆದಿದೆ. ಇಲ್ಲಿನ ಅಮ್ಮಪಲ್ಲಿಯ ಸೀತಾರಾಮಚಂದ್ರ ದೇವಾಲಯದ ಗೋಪುರವನ್ನು ತೆಲುಗು ಚಿತ್ರಗಳಲ್ಲಿ ಕಾಣದವರು ವಿರಳ. ಅಷ್ಟೊಂದು ಚಿತ್ರೀಕರಣಗಳು ಅಲ್ಲಿ ನಡೆದಿವೆ. ಇಂಥ ಪರಿಸರದಲ್ಲಿ ಸಿನಿಮಾದ ಮಾತಿಗೆ ಬರವಿಲ್ಲ. ಆದರೆ ಕನ್ನಡ ಚಿತ್ರವನ್ನು ಕನ್ನಡದಲ್ಲಿಯೇ ನೋಡಬೇಕೆಂದರೆ ಸಾಮಾನ್ಯವಾಗಿ ನಗರದ ಇನ್ನೊಂದು ಮಗ್ಗುಲಿಗೆ ಹೋಗಬೇಕು. ಅಲ್ಲಿಯೂ ದಿನಕ್ಕೆ ಒಂದೋ ಎರಡೋ ಪ್ರದರ್ಶನ, ಅದೂ ಅನುಕೂಲವಲ್ಲದ ಹೊತ್ತಿನಲ್ಲಿ. ನಾಲ್ವರ ಕುಟುಂಬಕ್ಕೆ ಟಿಕೆಟ್ಟು, ಹೊರವರ್ತುಲ ರಸ್ತೆಯ ಸುಂಕ, ಪೆಟ್ರೋಲು, ಮಕ್ಕಳ ತಿಂಡಿ ಎಲ್ಲ ಸೇರಿದರೆ ಖರ್ಚು ಸಾವಿರದೈನೂರು ರೂಪಾಯಿಗಳನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ 'ಚೆನ್ನಾಗಿದೆಯೋ ಇಲ್ಲವೋ ತಿಳಿದುಕೊಂಡು ಮುಂದಿನ ವಾರ ಹೋಗೋಣ' ಎಂದು ನಾವು ಕಾಯುತ್ತೇವೆ. ಎಲ್ಲರೂ ಹೀಗೆಯೇ ಕಾದರೆ ಮುಂದಿನ ವಾರಕ್ಕೆ ಕನ್ನಡದ ಪ್ರದರ್ಶನವೇ ಇರುವುದಿಲ್ಲ. ಉಳಿಯುವುದು ಮನೆಯ ಹತ್ತಿರದ ಚಿತ್ರಮಂದಿರದಲ್ಲಿರುವ ತೆಲುಗು ಅವತರಣಿಕೆ.

ತೆಲುಗಿನಲ್ಲಿ ನೋಡಿದರೇನು ನಷ್ಟ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಡಬ್ಬಿಂಗನ್ನು ಕಂಡರೆ ಸಿಡಿಮಿಡಿಗೊಳ್ಳುವ ಅಧಿಕಾರ ನಮಗಿಲ್ಲ. ಭಾರತದ ಮೊದಲ ಡಬ್ಬಿಂಗ್ ಚಿತ್ರವೆಂದು ಹೇಳಲಾಗುವುದೇ ಕನ್ನಡದ 'ಸತ್ಯ ಹರಿಶ್ಚಂದ್ರ'. 1943ರ ಆ ಚಿತ್ರವನ್ನು ಎ.ವಿ. ಮೇಯಪ್ಪನ್ ಅವರು ಮರುವರ್ಷ ತಮಿಳಿಗೆ ಡಬ್ ಮಾಡಿಸಿದರು. ಮುಂದೆ ಕರ್ನಾಟಕದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ದಶಕಗಳ ಕಾಲ ಅಘೋಷಿತ ತಡೆಯಿತ್ತು. ಅದು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ವಿಧಿಸಿತು. ಮಂಡ್ಯದ ಪ್ರೇಕ್ಷಕನಿಗೆ ತೆಲುಗು ಚಿತ್ರವನ್ನು ತನ್ನ ನುಡಿಯಲ್ಲಿ ನೋಡುವ ಹಕ್ಕಿದ್ದರೆ, ನಮ್ಮ ನೆರೆಯ ತೆಲುಗು ಬಂಧುವಿಗೂ ಕನ್ನಡ ಚಿತ್ರವನ್ನು ತೆಲುಗಿನಲ್ಲಿ ನೋಡುವ ಹಕ್ಕಿದೆ. ಅವರು ನಮ್ಮ ಚಿತ್ರವನ್ನು ಮೆಚ್ಚಿದಾಗ ನಮಗೂ ಸಂತಸವೇ.

ಪ್ರಶ್ನೆಯಿರುವುದು ನಮ್ಮ ಮನೆಯೊಳಗೆ. ಹೇಮಂತ್ ರಾವ್ ನಿರ್ದೇಶಿಸಿದ 'ಸಪ್ತ ಸಾಗರದಾಚೆ ಎಲ್ಲೋ' 2023ರ ಸೆಪ್ಟೆಂಬರ್ 1ರಂದು ಬಂದು, ಅದೇ ತಿಂಗಳು ತೆಲುಗಿನಲ್ಲಿ 'ಸಪ್ತ ಸಾಗರಾಲು ದಾಟಿ' ಎಂಬ ಹೆಸರಿನಿಂದ ತೆರೆಕಂಡಿತು. ಅನುವಾದದಲ್ಲಿ ತಪ್ಪೇನಿಲ್ಲ. ಆದರೆ ಕನ್ನಡದ ಶೀರ್ಷಿಕೆಯನ್ನು ಕೇಳಿದೊಡನೆ ಗೋಪಾಲಕೃಷ್ಣ ಅಡಿಗರ ಕವಿತೆ ನಮ್ಮ ಕಿವಿಯಲ್ಲಿ ಮೊಳಗುತ್ತದೆ. ತೆಲುಗಿನ ಶೀರ್ಷಿಕೆಗೆ ಆ ಭಾಗ್ಯವಿಲ್ಲ. 'ಕಾಂತಾರ'ದಲ್ಲಿ ಕರಾವಳಿಯ ಮಾತು ಪಾತ್ರಗಳ ಮೈಯೇ ಆಗಿತ್ತು. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ 'ಸು ಫ್ರಂ ಸೋ' ಚಿತ್ರದ ನಗೆಯಂತೂ ದಕ್ಷಿಣ ಕನ್ನಡದ ಹಳ್ಳಿಯ ಮಾತಿನ ಏರಿಳಿತದಲ್ಲೇ ಅಡಗಿದೆ. ಕಥೆಯನ್ನು ಭಾಷಾಂತರಿಸಬಹುದು, ಆ ಏರಿಳಿತವನ್ನು ಭಾಷಾಂತರಿಸುವುದು ಬಲು ಕಷ್ಟ.

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಅನೇಕವು ಬೀದರ, ಕಲಬುರಗಿ, ರಾಯಚೂರುಗಳ ಮೂಲದವು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಕನ್ನಡ ನಾಡನ್ನು ಸೇರಿದವು. ರಾಜಧಾನಿಯಾಗಿದ್ದ ಈ ನಗರದಲ್ಲಿ ಬೇರುಬಿಟ್ಟವರು ಇಲ್ಲಿಯೇ ಉಳಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆಗಳು ಆ ಪರಂಪರೆಯ ಗುರುತುಗಳು. ಆದರೆ ಶಂಶಾಬಾದಿನಂಥ ಹೊರವಲಯದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ. ಬೀದಿಯಲ್ಲಿ ತೆಲುಗು, ದಖ್ಖನಿ. ಕನ್ನಡ ಕೇಳಿಸುವುದು ಅಡುಗೆಮನೆಯಿಂದ ಮತ್ತು ಅಜ್ಜಿಯ ಫೋನಿನಿಂದ ಮಾತ್ರ. ಮನೆಯಾಚೆಯೂ ಕನ್ನಡವೆಂಬ ವಿಶಾಲ ಲೋಕವಿದೆ, ಅದರಲ್ಲಿ ಕುಂದಾಪುರದವರು ಒಂದು ಬಗೆ, ಮೈಸೂರಿನವರು ಇನ್ನೊಂದು ಬಗೆ ಮಾತನಾಡುತ್ತಾರೆ ಎಂಬುದು ಈ ಮಕ್ಕಳ ಅರಿವಿಗೆ ಬರುವ ದಾರಿಗಳು ಕೆಲವೇ. ಅವುಗಳಲ್ಲಿ ಸಿನಿಮಾ ಎಲ್ಲಕ್ಕಿಂತ ಸುಲಭವಾದದ್ದು. ಓದಲು ಬಾರದ ಮಗುವಿಗೂ ಅದು ತೆರೆದಿದೆ. ಆ ದಾರಿಯನ್ನೂ ತೆಲುಗಿಗೆ ಬಿಟ್ಟುಕೊಟ್ಟರೆ ಕನ್ನಡದ ಕಥೆಯೂ ಅವರಿಗೆ ಪರಭಾಷೆಯಲ್ಲಿ ಬಂದಂತಾಗುತ್ತದೆ.

ನಮ್ಮ ಮಾತಿಗೆ ಈ ವಿಷಯದಲ್ಲಿ ಬಲವಿದೆಯೇ? ಇದೆ. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ಬಿಡುಗಡೆಯಾದದ್ದು ಕನ್ನಡದಲ್ಲಿ ಮಾತ್ರ. ಅದನ್ನು ಕನ್ನಡದಲ್ಲಿಯೇ ನೋಡಿದವರ ಮಾತು ಎಲ್ಲೆಡೆ ಹಬ್ಬಿ ಬೇಡಿಕೆ ಹುಟ್ಟಿಸಿತು. ಅಕ್ಟೋಬರ್ 15ರಂದು ತೆಲುಗು ಅವತರಣಿಕೆ ಬಂದಿತು. ಆ ಹದಿನೈದು ದಿನಗಳಲ್ಲಿ ಹೊರನಾಡ ಕನ್ನಡಿಗರೇ ಚಿತ್ರದ ರಾಯಭಾರಿಗಳಾಗಿದ್ದರು. ಮೂರು ವರ್ಷಗಳ ನಂತರ, 2025ರ ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1' ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಒಂದೇ ದಿನ ತೆರೆಕಂಡಿತು. ಉದ್ಯಮದ ದೃಷ್ಟಿಯಿಂದ ಇದು ಜಾಣತನ. ಆದರೆ ಹೈದರಾಬಾದಿನಲ್ಲಿ ಕನ್ನಡದ ಮೂಲಕ್ಕೆ ಸಿಗುತ್ತಿದ್ದ ಆ ಎರಡು ವಾರಗಳ ಬಿಡುವು ಇಲ್ಲವಾಯಿತು. ಮೊದಲ ದಿನದಿಂದಲೇ ಮೂಲವು ತನ್ನದೇ ಅನುವಾದದೊಡನೆ ಪೈಪೋಟಿಗಿಳಿಯಬೇಕು. ಆ ಪೈಪೋಟಿಯಲ್ಲಿ ಮೂಲದ ಪರವಾಗಿ ಹೇಳುವವರು ನಾವಲ್ಲದೆ ಇನ್ನಾರು?

ಆದರೆ ಭಾಷಾಭಿಮಾನದ ಭರದಲ್ಲಿ ನೋಡದ ಚಿತ್ರಕ್ಕೆ ತೀರ್ಪು ಕೊಡುವ ಚಟವನ್ನು ನಾವು ಅಂಟಿಸಿಕೊಳ್ಳಬಾರದು. 2022ರ ಮಾರ್ಚ್‌ನಲ್ಲಿ, ಕನ್ನಡ ಅವತರಣಿಕೆಗೆ ಸಾಕಷ್ಟು ಪ್ರದರ್ಶನಗಳಿಲ್ಲವೆಂದು ಕರ್ನಾಟಕದಲ್ಲಿ 'ಆರ್‌ಆರ್‌ಆರ್' ಬಹಿಷ್ಕಾರದ ಕೂಗೆದ್ದಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಹೈದರಾಬಾದಿನ ಪ್ರಚಾರ ಸಮಾರಂಭದಲ್ಲಿ ರಿಷಬ್ ಶೆಟ್ಟಿ ಕನ್ನಡದಲ್ಲಿ ಮಾತನಾಡಿದರೆಂದು 'ಕಾಂತಾರ' ಬಹಿಷ್ಕಾರದ ಕೂಗು ಇಲ್ಲಿ ಎದ್ದಿತು. ಕರ್ನಾಟಕದ ಬೇಡಿಕೆಯಲ್ಲಿ ನ್ಯಾಯವಿತ್ತು, ಇಲ್ಲಿಯ ಮುನಿಸಿಗೂ ಅದರದೇ ಕಾರಣಗಳಿದ್ದಿರಬಹುದು. ಆದರೆ ಎರಡೂ ಕೂಗುಗಳು ಚಿತ್ರವನ್ನು ನೋಡುವ ಮೊದಲೇ ಎದ್ದವು. ಎರಡೂ ಚಿತ್ರಗಳು ಎರಡೂ ಕಡೆ ಚೆನ್ನಾಗಿಯೇ ಓಡಿದವು. ಜನ ಕೂಗಿಗಿಂತ ತಮ್ಮ ಕಣ್ಣನ್ನು ಹೆಚ್ಚು ನಂಬಿದರೆಂಬುದು ಸಮಾಧಾನದ ಸಂಗತಿ.

ಹಾಗಾದರೆ ಬೆಲೆಯುಳ್ಳ ಅಭಿಪ್ರಾಯ ಹೇಗಿರಬೇಕು? ಸಹೃದಯ ಓದುಗರು ತಮ್ಮ ಮನೆಗಳ ಮಾತುಕತೆಯನ್ನೇ ಗಮನಿಸಲಿ. 'ಪಿಕ್ಚರ್ ಹ್ಯಾಂಗದರೀ?' ಎಂದು ಕಲಬುರಗಿಯ ಹಿರಿಯರು ಕೇಳಿದರೆ, ಅವರಿಗೆ ಬೇಕಿರುವುದು ಐದಕ್ಕೆ ಮೂರೂವರೆ ನಕ್ಷತ್ರಗಳಲ್ಲ. ಸಂಭಾಷಣೆ ಕಿವಿಗೆ ಬೀಳುತ್ತದೆಯೇ, ಇಲ್ಲವೆ ವಾದ್ಯಗಳ ಅಬ್ಬರದಲ್ಲಿ ಮುಳುಗಿದೆಯೇ, ಮೂರು ಗಂಟೆ ಕುಳಿತುಕೊಳ್ಳಲು ಸಾಧ್ಯವೇ ಎಂಬುದು ಅವರಿಗೆ ಮುಖ್ಯ. ತಾಯಂದಿರು ಕೇಳುವುದು ಮಕ್ಕಳೊಡನೆ ಕುಳಿತು ನೋಡಬಹುದೇ ಎಂದು. 2024ರ ಹೊಸ ನಿಯಮಗಳ ಪ್ರಕಾರ ಪ್ರಮಾಣಪತ್ರದಲ್ಲಿ 'ಯುಎ' ವರ್ಗವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ವಿಂಗಡಿಸಲಾಗಿದೆ. ಅದು ಉಪಯುಕ್ತವೇ ಹೌದು. ಆದರೂ ರಕ್ತಪಾತದ ದೃಶ್ಯ ಎಷ್ಟು ಹೊತ್ತು ನಡೆಯುತ್ತದೆ, ಎಂಟು ವರ್ಷದ ಮಗು ರಾತ್ರಿ ಬೆಚ್ಚುವುದೇ ಎಂಬುದನ್ನು ಹೇಳಬಲ್ಲವರು ಅಂಥದೇ ಮಗುವನ್ನು ಕರೆದೊಯ್ದ ಇನ್ನೊಬ್ಬ ತಾಯಿ ಮಾತ್ರ. ಇಂಥ ಅಭಿಪ್ರಾಯವನ್ನು ಯಾರೂ ಹಣಕ್ಕೆ ಬರೆಸಲಾರರು, ಯಾವ ನ್ಯಾಯಾಲಯವೂ ತಡೆಯಲಾರದು.

ನಮ್ಮ ಕುಟುಂಬಗಳಿಗೆ ನಾವು ಸೂಚಿಸುವುದು ಇಷ್ಟೇ. ಚಿತ್ರ ನೋಡಿದವರು ಯಾವ ಭಾಷೆಯಲ್ಲಿ, ಯಾವ ಚಿತ್ರಮಂದಿರದಲ್ಲಿ, ಎಷ್ಟು ಹೊತ್ತಿಗೆ ನೋಡಿದೆವೆಂಬುದನ್ನು ಮೊದಲು ಹೇಳಲಿ. ಮೆಚ್ಚಿದರೂ ಮೆಚ್ಚದಿದ್ದರೂ ಒಂದೆರಡು ಕಾರಣ ಕೊಡಲಿ, ಕಥೆಯ ಗುಟ್ಟನ್ನು ಬಿಟ್ಟುಕೊಡದಿರಲಿ. ಕನ್ನಡದ್ದೆಂಬ ಒಂದೇ ಕಾರಣಕ್ಕೆ ಕಳಪೆಯನ್ನು ಹೊಗಳದಿರಲಿ. ಒಮ್ಮೆ ಮೋಸಹೋದ ಕುಟುಂಬ ಮುಂದಿನ ಒಳ್ಳೆಯ ಚಿತ್ರಕ್ಕೂ ಬರುವುದಿಲ್ಲ, ಹೇಳಿದವರ ಮಾತಿಗೂ ಬೆಲೆ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳುವುದನ್ನು ಶನಿವಾರ ಸಂಜೆಯೊಳಗೆ ಹೇಳಲಿ. ಸೋಮವಾರ ಬಂದ ಮೆಚ್ಚುಗೆಯಿಂದ ಚಿತ್ರಕ್ಕೆ ಲಾಭವಿಲ್ಲ, ನೋಡಬೇಕೆಂದಿದ್ದ ನೆರೆಮನೆಯವರಿಗೂ ಇಲ್ಲ.

ನಾಲ್ಕು ಕುಟುಂಬಗಳು ಸರದಿಯಂತೆ ಮೊದಲ ದಿನವೇ ನೋಡಿ ಬಂದು ಹೇಳಿದರೆ, ಉಳಿದ ನಲವತ್ತು ಕುಟುಂಬಗಳು ಭಾನುವಾರಕ್ಕೆ ಟಿಕೆಟ್ಟು ಕಾಯ್ದಿರಿಸಬಹುದು. ದಿನಕ್ಕೊಂದೇ ಪ್ರದರ್ಶನವಿರುವಲ್ಲಿ ನಲವತ್ತು ಕುಟುಂಬಗಳೆಂದರೆ ಸಣ್ಣ ಸಂಖ್ಯೆಯಲ್ಲ. ಸಭಾಂಗಣದ ದೊಡ್ಡ ಪಾಲು ತುಂಬುತ್ತದೆ. ಸೋಮವಾರದ ಪಟ್ಟಿಯನ್ನು ಸಿದ್ಧಪಡಿಸುವವರ ಕಣ್ಣಿಗೆ ಬೀಳುವುದು ನಮ್ಮ ಭಾಷಾಭಿಮಾನವಲ್ಲ, ತುಂಬಿದ ಆಸನಗಳು.

ನಮ್ಮ ಅಂಗಳದಲ್ಲಿ 'ಸಿನಿಮಾ ಹೇಗಿದೆ?' ಎಂಬ ಪ್ರಶ್ನೆಗೆ ಹೆಸರು ಹೇಳಿ, ಕಾರಣ ಕೊಟ್ಟು, ಸಕಾಲದಲ್ಲಿ ಉತ್ತರಿಸೋಣ. ಮುಂದಿನ ಕನ್ನಡ ಚಿತ್ರಕ್ಕೆ ಈ ನಗರದಲ್ಲಿ ಎರಡನೆಯ ವಾರ ಸಿಗುವುದೋ ಇಲ್ಲವೋ ಎಂಬುದು ಆ ಉತ್ತರದ ಮೇಲೂ ನಿಂತಿದೆ.