ಸ್ಮಶಾನದ ಎಲೆಗಳೂ ಸಂಭವದ ಲೆಕ್ಕವೂ

ಎಲೆಯಾಟವೆಂದೊಡನೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಎಲೆಯೆಂದರೆ ಜೂಜು, ಜೂಜೆಂದರೆ ಮನೆಹಾಳು ಎಂಬುದು ಬಹುಕಾಲದ ಅನುಭವದಿಂದ ಮೂಡಿದ ತೀರ್ಮಾನ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಗಣಿತಶಾಸ್ತ್ರದ ಒಂದು ದೊಡ್ಡ ಶಾಖೆಯು ಬೆಳಕು ಕಂಡುದು ಜೂಜಿನ ಮೇಜಿನ ಬಳಿಯಲ್ಲಿಯೇ ಎಂಬುದನ್ನೂ ಮರೆಯಬಾರದು. ೧೬೫೪ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು, ಅರ್ಧದಲ್ಲಿ ನಿಂತುಹೋದ ಆಟವೊಂದರ ಪಣವನ್ನು ಆಟಗಾರರಿಗೆ ನ್ಯಾಯವಾಗಿ ಹಂಚುವ ಬಗೆ ಯಾವುದೆಂಬುದನ್ನು ಕುರಿತು ಪತ್ರವ್ಯವಹಾರ ನಡೆಸಿದರು. ಸಂಭವನೀಯತೆಯ ಶಾಸ್ತ್ರಕ್ಕೆ ಆ ಪತ್ರಗಳೇ ಅಡಿಗಲ್ಲಾದುವು. ಆಟವೊಂದು ನಮ್ಮನ್ನು ಕೆಡಿಸುವುದೋ ಕಲಿಸುವುದೋ ಎಂಬುದು ಎಲೆಗಳನ್ನು ಅವಲಂಬಿಸಿಲ್ಲ; ಆಡುವವನು ಎಣಿಸಬಲ್ಲನೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ.

ಈ ಮಾತಿಗೆ ಒಳ್ಳೆಯ ನಿದರ್ಶನವೊಂದು ಇಂದಿನ ತರುಣರ ಕೈಯಲ್ಲಿಯೇ ಇದೆ. 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಎಲೆಯಾಟವು ಅಮೆರಿಕದಲ್ಲಿ ೧೯೯೩ರಲ್ಲಿ ಪ್ರಕಟವಾಯಿತು. ಇದನ್ನು ರಚಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ, ಅದರಲ್ಲಿಯೂ ವಿಕಲ್ಪಗಳ ವಿಭಾಗದಲ್ಲಿ, ಡಾಕ್ಟರೇಟು ಪಡೆದವರು. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ೫೨ ಎಲೆಗಳು. ಇಲ್ಲಿಯಾದರೋ ಸಾವಿರಾರು ಬಗೆಯ ಎಲೆಗಳಿಂದ ಆಟಗಾರನು ತನಗೆ ಬೇಕಾದುವನ್ನು ಆರಿಸಿ ಕಟ್ಟನ್ನು ತಾನೇ ರಚಿಸಿಕೊಳ್ಳಬೇಕು. ಕಟ್ಟಿನಲ್ಲಿ ಕನಿಷ್ಠ ೬೦ ಎಲೆಗಳಿರಬೇಕು. ಮೂಲ ಭೂಮಿಯ ಎಲೆಗಳ ಹೊರತು ಯಾವ ಎಲೆಯೂ ಸಾಮಾನ್ಯವಾಗಿ ನಾಲ್ಕು ಪ್ರತಿಗಳನ್ನು ಮೀರಬಾರದು. ಆಟದ ಆರಂಭದಲ್ಲಿ ಕೈಗೆ ಬರುವ ಎಲೆಗಳು ಏಳು; ಪ್ರತಿಯೊಬ್ಬನಿಗೂ ಇರುವ ಜೀವದ ಅಂಕಗಳು ೨೦. ಎದುರಾಳಿಯ ಅಂಕಗಳನ್ನು ಸೊನ್ನೆಗೆ ತರುವುದೇ ಗೆಲುವಿನ ಮುಖ್ಯ ದಾರಿ.

ಹೀಗೆ ರಚಿಸುವ ಕಟ್ಟುಗಳಲ್ಲಿ ತರುಣರನ್ನು ಬಹಳವಾಗಿ ಮರುಳುಮಾಡುವುದು 'ಸ್ಮಶಾನದ ಕಟ್ಟು'. ಬಳಸಿ ಮುಗಿದ, ಸತ್ತ ಅಥವಾ ಕೈಯಿಂದ ಬಿಟ್ಟ ಎಲೆಗಳನ್ನು ಇಡುವ ಸ್ಥಳಕ್ಕೆ ಈ ಆಟದಲ್ಲಿ ಸ್ಮಶಾನವೆಂದು ಹೆಸರು. ಸಾಮಾನ್ಯ ಆಟಗಾರನಿಗೆ ಅದು ಕಸದ ರಾಶಿ. ಸ್ಮಶಾನದ ಕಟ್ಟನ್ನು ಕಟ್ಟುವವನಿಗೆ ಅದೇ ಕಣಜ. ಗ್ರಿಸೆಲ್‌ಬ್ರಾಂಡ್ ಎಂಬ ೨೦೧೨ರ ರಾಕ್ಷಸನನ್ನೇ ತೆಗೆದುಕೊಳ್ಳೋಣ. ನ್ಯಾಯವಾದ ದಾರಿಯಲ್ಲಿ ಅವನನ್ನು ಕರೆತರಲು ಎಂಟು ಮಾನಾ, ಎಂದರೆ ಎಂಟು ಘಟಕಗಳ ಶಕ್ತಿ ಬೇಕು. ಒಂದು ಸರದಿಗೆ ಒಂದೇ ಭೂಮಿಯ ಎಲೆಯನ್ನು ಇಡಬಹುದಾದುದರಿಂದ ಇದಕ್ಕೆ ಸಾಮಾನ್ಯವಾಗಿ ಎಂಟು ಸರದಿಗಳು ಕಾಯಬೇಕಾಗುತ್ತದೆ. ಆದರೆ 'ಎಂಟೂಮ್' ಎಂಬ ೨೦೦೧ರ ಎಲೆಯು ಒಂದೇ ಮಾನಾದ ಬೆಲೆಗೆ ಕಟ್ಟಿನೊಳಗಿಂದ ಬೇಕಾದ ಎಲೆಯನ್ನು ಹುಡುಕಿ ಸ್ಮಶಾನಕ್ಕೆ ಹಾಕುತ್ತದೆ. 'ರೀಅನಿಮೇಟ್' ಎಂಬ ೧೯೯೭ರ ಎಲೆಯು ಇನ್ನೊಂದು ಮಾನಾಕ್ಕೆ ಸ್ಮಶಾನದಲ್ಲಿರುವ ಜೀವಿಯನ್ನು ಎಬ್ಬಿಸಿ ರಂಗಕ್ಕೆ ತರುತ್ತದೆ. ಎಂಟನೆಯ ಸರದಿಗೆ ಬರಬೇಕಾದವನು ಎರಡನೆಯ ಸರದಿಗೇ ಬಂದು ನಿಲ್ಲುತ್ತಾನೆ!

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ರೀಅನಿಮೇಟ್ ಎಬ್ಬಿಸಿದ ಜೀವಿಯ ಮೂಲ ಬೆಲೆಯಷ್ಟು ಅಂಕಗಳನ್ನು ಆಟಗಾರನು ಕಳೆದುಕೊಳ್ಳಬೇಕು. ೨೦ರಲ್ಲಿ ೮ ಹೋಗಿ ೧೨ ಉಳಿಯುವುವು. ಗ್ರಿಸೆಲ್‌ಬ್ರಾಂಡನಿಗೆ ಏಳು ಅಂಕಗಳನ್ನು ಕೊಟ್ಟರೆ ಏಳು ಹೊಸ ಎಲೆಗಳನ್ನು ಸೆಳೆಯಬಹುದು. ಆದರೆ ೧೨ರಲ್ಲಿ ೭ ಕಳೆದರೆ ಉಳಿಯುವುದು ೫. ಮತ್ತೊಮ್ಮೆ ಸೆಳೆಯಲು ಅವಕಾಶವಿಲ್ಲ. ಇದರ ಬದಲು 'ಅನಿಮೇಟ್ ಡೆಡ್' ಎಂಬ ಎಲೆಯನ್ನು ಬಳಸಿದರೆ ಎರಡು ಮಾನಾ ಬೇಕಾದರೂ ಅಂಕಗಳ ನಷ್ಟವಿಲ್ಲ. ಎರಡು ಸಲ ಸೆಳೆದು ಹದಿನಾಲ್ಕು ಎಲೆಗಳನ್ನು ಪಡೆದ ಮೇಲೂ ೬ ಅಂಕಗಳು ಉಳಿಯುತ್ತವೆ. ವೇಗ ಬೇಕೋ ಉಳಿತಾಯ ಬೇಕೋ ಎಂಬುದನ್ನು ಆಟಗಾರನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಇಂತಹ ಎಲೆಗಳ ಹೊಂದಾಣಿಕೆಯನ್ನು ಆಟಗಾರರು ಕಾಂಬೋ ಎನ್ನುತ್ತಾರೆ, ನಾವು ಸಂಯೋಗವೆನ್ನೋಣ. ಹೊಸಬನು ಸಂಯೋಗವೊಂದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಅದು ನಡೆದರೆ ಎಷ್ಟು ಭವ್ಯವಾಗಿರುವುದೆಂದು ಕನಸು ಕಾಣುತ್ತಾನೆ. ನಡೆಯದೆಹೋದಾಗ 'ಎಲೆ ಬರಲಿಲ್ಲ' ಎಂದು ಅದೃಷ್ಟವನ್ನು ಹಳಿಯುತ್ತಾನೆ. ಈ ದೂರು ಬಹುಮಟ್ಟಿಗೆ ನಿರಾಧಾರವಾದುದು ಎಂಬುದೇ ನನ್ನ ವಾದ. ಎಲೆ ಬಾರದಿರುವ ಸಂಭವವು ಕಟ್ಟು ಕಟ್ಟಿದ ಗಳಿಗೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಆಟಗಾರನು ಅದನ್ನು ಎಣಿಸಿ ನೋಡಿರುವುದಿಲ್ಲ, ಅಷ್ಟೆ.

ಎಣಿಸುವುದು ಕಷ್ಟವೇನೂ ಅಲ್ಲ. ಪದವಿಪೂರ್ವ ತರಗತಿಯಲ್ಲಿ ಕಲಿಯುವ ವಿಕಲ್ಪಗಳ ಸೂತ್ರವೇ ಸಾಕು. ೬೦ ಎಲೆಗಳಿಂದ ೭ನ್ನು ಆರಿಸುವ ವಿಧಾನಗಳು ಒಟ್ಟು ೩೮,೬೨,೦೬,೯೨೦. ಕಟ್ಟಿನಲ್ಲಿ ನಮಗೆ ಬೇಕಾದ ಬಗೆಯ ಎಲೆಗಳು ೮ ಇವೆ ಎನ್ನೋಣ. ಅವುಗಳಲ್ಲಿ ಒಂದೂ ಬಾರದಿರಬೇಕಾದರೆ ಏಳೂ ಎಲೆಗಳು ಉಳಿದ ೫೨ರಿಂದಲೇ ಬರಬೇಕು. ಅದಕ್ಕೆ ಇರುವ ವಿಧಾನಗಳು ೧೩,೩೭,೮೪,೫೬೦. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ನೂರಕ್ಕೆ ೩೪.೬ ದೊರೆಯುತ್ತದೆ. ಅಂದರೆ ಬೇಕಾದ ಬಗೆಯ ಎಲೆ ಒಂದಾದರೂ ಬರುವ ಸಂಭವ ನೂರಕ್ಕೆ ೬೫.೪. ಪ್ರತಿಗಳು ನಾಲ್ಕೇ ಆದರೆ ಇದು ೩೯.೯ಕ್ಕೆ ಇಳಿಯುವುದು, ಹನ್ನೆರಡಾದರೆ ೮೦.೯ಕ್ಕೆ ಏರುವುದು.

ಈಗ ಮೂರು ಕೊಂಡಿಗಳ ಸರಪಳಿಯನ್ನು ನೋಡೋಣ. ಎಂಟೂಮ್ ಇಲ್ಲದಿದ್ದಾಗ ಆಟಗಾರನು 'ಫೇತ್‌ಲೆಸ್ ಲೂಟಿಂಗ್' ಎಂಬಂತಹ ಎಲೆಗಳನ್ನು ನೆಚ್ಚುತ್ತಾನೆ. ಇದು ಎರಡು ಎಲೆಗಳನ್ನು ಸೆಳೆದು, ಕೈಯಲ್ಲಿರುವ ಎರಡನ್ನು ಸ್ಮಶಾನಕ್ಕೆ ಬಿಡುವಂತೆ ಮಾಡುತ್ತದೆ. ಆದರೆ ಬಿಡಬೇಕಾದ ರಾಕ್ಷಸನು ಮೊದಲು ಕೈಯಲ್ಲಿರಬೇಕಷ್ಟೆ. ಆದುದರಿಂದ ಬಿಡಿಸುವ ಎಲೆ, ರಾಕ್ಷಸ, ಎಬ್ಬಿಸುವ ಎಲೆ ಹೀಗೆ ಮೂರೂ ಕೂಡಿಬರಬೇಕು. ಒಂದೊಂದು ಬಗೆಯಲ್ಲಿಯೂ ೮ ಎಲೆಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಕೊಂಡಿಯ ಸಂಭವವೂ ನೂರಕ್ಕೆ ೬೫.೪, ಅಂದರೆ ಅರ್ಧಕ್ಕಿಂತ ಹೆಚ್ಚು. ಆದುದರಿಂದ ಒಟ್ಟು ಸರಪಳಿಯೂ ಅರ್ಧಕ್ಕಿಂತ ಹೆಚ್ಚು ಸಲ ಕೂಡಿಬರುವುದೆಂದು ಮನಸ್ಸು ನಂಬಿಬಿಡುತ್ತದೆ. ಲೆಕ್ಕ ಹೇಳುವುದಾದರೋ ಬೇರೆ: ಮೊದಲ ಏಳು ಎಲೆಗಳಲ್ಲಿ ಮೂರೂ ಕೂಡಿಬರುವ ಸಂಭವ ನೂರಕ್ಕೆ ೨೩.೭ ಮಾತ್ರ. ಮೂರು ಸಂಭವಗಳನ್ನು ಸುಮ್ಮನೆ ಗುಣಿಸಿದರೆ ೨೭.೯ ಬರುತ್ತದೆ, ನಿಜವು ಅದಕ್ಕಿಂತಲೂ ಕಡಿಮೆ. ಏಕೆಂದರೆ ಕೈಯಲ್ಲಿರುವ ಸ್ಥಾನಗಳು ಏಳೇ. ಒಂದು ಬಗೆಯ ಎಲೆ ಒಂದು ಸ್ಥಾನವನ್ನು ಹಿಡಿದರೆ ಮಿಕ್ಕ ಬಗೆಗಳಿಗೆ ಸ್ಥಾನ ಅಷ್ಟು ಕುಗ್ಗುತ್ತದೆ.

ಅದೇ ೨೪ ಎಲೆಗಳನ್ನು ಎರಡು ಕೊಂಡಿಗಳಿಗೆ ಹನ್ನೆರಡರಂತೆ ಹಂಚಿದರೆ ಏನಾಗುವುದು? ರಾಕ್ಷಸನನ್ನು ಕಟ್ಟಿನೊಳಗಿಂದಲೇ ಸ್ಮಶಾನಕ್ಕೆ ಕಳುಹಿಸುವ ೧೨ ಎಲೆಗಳು, ಎಬ್ಬಿಸುವ ೧೨ ಎಲೆಗಳು, ಮತ್ತು ಕಟ್ಟಿನಲ್ಲಿ ಎಲ್ಲಾದರೂ ಇರುವ ಒಂದಿಬ್ಬರು ರಾಕ್ಷಸರು. ಎರಡು ಕೊಂಡಿಗಳೂ ಕೂಡಿಬರುವ ಸಂಭವ ಆಗ ನೂರಕ್ಕೆ ೬೪! ಎಂಟೂಮಿಗೆ ಸಮನಾದ ಎಲೆಗಳು ಹನ್ನೆರಡು ದೊರೆಯುವುದು ಕಷ್ಟವೇ ಸರಿ. ಭೂಮಿಯ ಎಲೆಗಳನ್ನೂ ನಾವಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ತತ್ತ್ವವು ಸ್ಪಷ್ಟವಾಗಿದೆ. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಗಟ್ಟಿಮಾಡುವುದಕ್ಕಿಂತ ಒಂದು ಕೊಂಡಿಯನ್ನೇ ತೆಗೆದುಹಾಕುವುದು ಹೆಚ್ಚು ಫಲಕಾರಿ. ಎಂಟೂಮಿನ ನಿಜವಾದ ಬೆಲೆ ಇರುವುದು ಅದರ ವೇಗದಲ್ಲಿ ಮಾತ್ರವಲ್ಲ. ಮೂರು ಅಗತ್ಯಗಳನ್ನು ಅದು ಎರಡಕ್ಕೆ ಇಳಿಸುತ್ತದೆ ಎಂಬುದರಲ್ಲಿ.

ಬಂದ ಎಲೆಗಳು ಸೇರದಿದ್ದರೆ ಅವನ್ನು ಹಿಂದಿರುಗಿಸಿ ಮತ್ತೆ ಏಳನ್ನು ಪಡೆಯುವ ಅವಕಾಶವೂ ಆಟದಲ್ಲಿದೆ. ೨೦೧೯ರಿಂದ ಜಾರಿಯಲ್ಲಿರುವ ನಿಯಮದಂತೆ, ಹೊಸ ಏಳರಲ್ಲಿ ಬೇಡವಾದ ಒಂದನ್ನು ಕಟ್ಟಿನ ತಳಕ್ಕೆ ಸೇರಿಸಿದರಾಯಿತು. ಹೀಗೆ ಎರಡನೆಯ ಪ್ರಯತ್ನವನ್ನೂ ಲೆಕ್ಕಕ್ಕೆ ಹಿಡಿದರೆ ಮೂರು ಕೊಂಡಿಯ ಕಟ್ಟಿಗೆ ನೂರಕ್ಕೆ ೪೧.೮, ಎರಡು ಕೊಂಡಿಯದಕ್ಕೆ ೮೭.೧ ದೊರೆಯುತ್ತದೆ. ಎರಡು ಅವಕಾಶಗಳು ದೊರೆತ ಮೇಲೂ ಮೊದಲನೆಯದು ಅರ್ಧವನ್ನು ಮುಟ್ಟದು.

ಕೊಂಡಿ ಕಡಿಮೆಯಾದಷ್ಟೂ ಕಟ್ಟು ಬಲವಾಗುವುದೆಂಬುದಕ್ಕೆ ಆಟದ ಇತಿಹಾಸವೇ ಸಾಕ್ಷಿ. ೨೦೧೯ರ ಜೂನ್ ತಿಂಗಳಲ್ಲಿ ಹೋಗಾಕ್ ಎಂಬ ಜೀವಿಯ ಎಲೆ ಪ್ರಕಟವಾಯಿತು. ಅದನ್ನು ಸ್ಮಶಾನದಿಂದಲೇ ನೇರವಾಗಿ ಆಡಬಹುದಾಗಿತ್ತು. ಬೆಲೆಯನ್ನು ಮಾನಾದಿಂದಲ್ಲ, ರಂಗದಲ್ಲಿರುವ ಜೀವಿಗಳಿಂದಲೂ ಸ್ಮಶಾನದ ಇತರ ಎಲೆಗಳಿಂದಲೂ ತೆರಬೇಕಾಗಿತ್ತು. ಎಬ್ಬಿಸುವ ಎಲೆಯೆಂಬ ಕೊಂಡಿಯೇ ಇಲ್ಲಿ ಬೇಡವಾಯಿತು. 'ಮಾಡರ್ನ್' ಎಂಬ ಪಂದ್ಯವರ್ಗದಲ್ಲಿ ಈ ಕಟ್ಟಿನ ಹಾವಳಿ ಹೆಚ್ಚಲು, ಜುಲೈ ತಿಂಗಳಲ್ಲಿ ಅದರ ಸಹಾಯಕವಾದ 'ಬ್ರಿಜ್ ಫ್ರಮ್ ಬಿಲೋ' ಎಂಬ ಎಲೆಯನ್ನು ನಿಷೇಧಿಸಿದರು. ಕಟ್ಟು ಕುಗ್ಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಹೋಗಾಕನನ್ನೇ, ಜೊತೆಗೆ ಫೇತ್‌ಲೆಸ್ ಲೂಟಿಂಗನ್ನೂ ನಿಷೇಧಿಸಬೇಕಾಯಿತು. ಲೂಟಿಂಗಿಗೆ ಬಿಡುಗಡೆ ದೊರೆತುದು ೨೦೨೪ರ ಡಿಸೆಂಬರಿನಲ್ಲಿ.

ಆದರೆ ಎಣಿಕೆಯಷ್ಟರಿಂದಲೇ ಕಾರ್ಯ ಮುಗಿಯಲಿಲ್ಲ. ಎದುರಾಳಿಯೂ ಬುದ್ಧಿವಂತನೇ. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯಗಳಲ್ಲಿ, ಮೊದಲ ಆಟದ ಅನಂತರ ಬದಲಿಸಿಕೊಳ್ಳಲು ೧೫ ಎಲೆಗಳ ಉಪಕಟ್ಟೊಂದು ಇರುತ್ತದೆ. ಎದುರಾಳಿಯು ಅಲ್ಲಿಂದ 'ರೆಸ್ಟ್ ಇನ್ ಪೀಸ್' ಎಂಬ ಎಲೆಯನ್ನು ತಂದನೆನ್ನೋಣ. ಅದು ರಂಗಕ್ಕೆ ಬಂದೊಡನೆ ಎಲ್ಲ ಸ್ಮಶಾನಗಳನ್ನೂ ಬರಿದುಮಾಡುತ್ತದೆ. ಅಲ್ಲಿರುವವರೆಗೆ ಮುಂದೆ ಯಾವ ಎಲೆಯೂ ಸ್ಮಶಾನವನ್ನು ಸೇರದಂತೆ ತಡೆಯುತ್ತದೆ. ಆಗ ಎಬ್ಬಿಸುವ ಎಲೆಗಳು ಹನ್ನೆರಡಿದ್ದರೇನು, ಇಪ್ಪತ್ತಿದ್ದರೇನು? ಎಲೆ ಬಾರದಿರುವುದು ಒಂದು ಬಗೆಯ ಸೋಲು. ಅದಕ್ಕೆ ಹೆಚ್ಚು ಪ್ರತಿಗಳು ಮದ್ದು. ಎಲ್ಲ ಎಲೆಗಳೂ ನಡೆಯಬೇಕಾದ ದಾರಿಯೇ ಮುಚ್ಚಿಹೋಗುವುದು ಇನ್ನೊಂದು ಬಗೆಯ ಸೋಲು. ಅದಕ್ಕೆ ಮದ್ದು ಬೇರೆ ದಾರಿಯೊಂದೇ. ಆದುದರಿಂದಲೇ ಅನುಭವಿಗಳು ತಮ್ಮ ಉಪಕಟ್ಟಿನಲ್ಲಿ 'ಷೋ ಅಂಡ್ ಟೆಲ್' ಎಂಬ ಎಲೆಯನ್ನು ಇಟ್ಟುಕೊಂಡುದುಂಟು. ಅದು ರಾಕ್ಷಸನನ್ನು ಸ್ಮಶಾನದ ಗೊಡವೆಯಿಲ್ಲದೆ ಕೈಯಿಂದಲೇ ರಂಗಕ್ಕೆ ಇಳಿಸುತ್ತದೆ. ಒಂದೇ ವಿದ್ಯುತ್ ತಂತಿಗೆ ಹತ್ತು ದೀಪಗಳನ್ನು ಜೋಡಿಸಿದವನು, ತಂತಿ ಕಡಿದ ದಿನ ಹತ್ತು ದೀಪಗಳಿವೆಯೆಂದು ಹೆಮ್ಮೆಪಡುವಂತಿಲ್ಲ.

ಹೀಗೆ ಲೆಕ್ಕ ಹಾಕುತ್ತ ಹೋದರೆ ಆಟದ ಸೊಗಸೇ ಹಾಳಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಉದ್ದವಾದ, ವಿಚಿತ್ರವಾದ ಸಂಯೋಗವೊಂದು ಅಪರೂಪಕ್ಕೊಮ್ಮೆ ಕೂಡಿಬಂದಾಗ ಆಗುವ ಆನಂದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಳದ ಲೆಕ್ಕವನ್ನರಿತವನಿಗೆ ಸಂಗೀತದ ಸುಖವು ಕುಂದುವುದೇ? ನಾಲ್ಕು ಆಟಗಳಲ್ಲಿ ಒಂದರಲ್ಲಿ ಮಾತ್ರ ನಡೆಯುವ ಸಂಯೋಗವನ್ನು, ಹಾಗೆಂದು ತಿಳಿದೇ ಆರಿಸಿಕೊಂಡವನು ಸೋತಾಗಲೂ ನಗಬಲ್ಲನು. ತಿಳಿಯದೆ ಆರಿಸಿದವನು ಎಲೆಗಳ ಮೇಲೆ, ಎದುರಾಳಿಯ ಮೇಲೆ, ಕೊನೆಗೆ ವಿಧಿಯ ಮೇಲೆ ಸಿಡುಕುತ್ತಾನೆ.

ಹಣದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಈ ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿಯೂ ಮಾರುತ್ತಾರೆ. ಒಳಗೆ ಏನಿದೆಯೆಂಬುದು ಕೊಳ್ಳುವವನಿಗೆ ತಿಳಿಯದು. ಬೇಕಾದ ಎಲೆಯೊಂದರ ಆಸೆಯಿಂದ ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವ ವಿದ್ಯಾರ್ಥಿಯ ವಿಷಯದಲ್ಲಿ ಹಿರಿಯರ ಆತಂಕವು ಸಕಾರಣವಾದುದೇ. ಆದರೆ ಕಟ್ಟಿನ ಬಲಾಬಲಗಳನ್ನು ತಿಳಿಯಲು ಒಂದು ಕಾಸನ್ನೂ ವೆಚ್ಚಮಾಡಬೇಕಾಗಿಲ್ಲ. ಒಂದೇ ಅಳತೆಯ ೬೦ ಕಾಗದದ ಚೀಟಿಗಳನ್ನು ಮಾಡಿ, ಎಂಟಕ್ಕೆ ಕೆಂಪು, ಎಂಟಕ್ಕೆ ಹಸಿರು, ಎಂಟಕ್ಕೆ ನೀಲಿ ಗುರುತು ಹಾಕಿ, ಉಳಿದುವು ಬರಿದಾಗಿರಲಿ. ಚೆನ್ನಾಗಿ ಕಲಸಿ ಏಳನ್ನು ತೆಗೆಯಿರಿ. ಮೂರು ಬಣ್ಣಗಳೂ ಬಂದುವೇ ಎಂದು ಬರೆದುಕೊಂಡು, ಚೀಟಿಗಳನ್ನು ಹಿಂದಕ್ಕೆ ಹಾಕಿ ಮತ್ತೆ ಕಲಸಿರಿ. ನೂರು ಸಲ ಹೀಗೆ ಮಾಡಿದರೆ ಸುಮಾರು ೨೪ ಸಲ ಮೂರೂ ಕೂಡಿಬರಬೇಕು. ಸರಿಯಾಗಿ ಅಷ್ಟೇ ಬಾರದಿದ್ದರೂ, ೧೫ಕ್ಕೂ ೩೩ಕ್ಕೂ ನಡುವೆ ಬೀಳುವುದು ಬಹುಮಟ್ಟಿಗೆ ಖಂಡಿತ. ಅನಂತರ ಎರಡೇ ಬಣ್ಣಗಳಲ್ಲಿ ಹನ್ನೆರಡು ಹನ್ನೆರಡು ಚೀಟಿಗಳಿಗೆ ಗುರುತು ಹಾಕಿ ಅದೇ ಪ್ರಯೋಗವನ್ನು ಮಾಡಿರಿ. ವ್ಯತ್ಯಾಸವು ಕಣ್ಣಿಗೇ ಕಾಣುವುದು.

ಎಲೆಗಳಾಚೆಗೂ ಈ ಪಾಠ ಅನ್ವಯಿಸುತ್ತದೆ. ಮೂರು ಬಸ್ಸುಗಳನ್ನು ಬದಲಿಸಿ ಪರೀಕ್ಷೆಯ ಕೊಠಡಿಗೆ ತಲುಪಬೇಕಾದ ವಿದ್ಯಾರ್ಥಿ, ಹತ್ತು ಹಂತಗಳಲ್ಲಿ ಒಂದೂ ತಪ್ಪದೆ ನಡೆಯಬೇಕಾದ ಪ್ರಯೋಗವನ್ನು ಯೋಜಿಸುವ ವಿಜ್ಞಾನಿ, ಇಬ್ಬರ ಎದುರಿಗಿರುವುದೂ ಇದೇ ಸರಪಳಿ. ಪ್ರತಿ ಹಂತವೂ ನಡೆಯಬಲ್ಲುದೆಂಬುದರಿಂದ ಎಲ್ಲ ಹಂತಗಳೂ ಒಟ್ಟಿಗೆ ನಡೆಯಬಲ್ಲುವೆಂದು ಭಾವಿಸುವುದು ಮನುಷ್ಯನ ಹಳೆಯ ದೌರ್ಬಲ್ಯ. ತರುಣ ಮಿತ್ರರು ಕಟ್ಟನ್ನು ಕಟ್ಟಲಿ, ಆಡಲಿ, ಸೋಲಲಿ, ಗೆಲ್ಲಲಿ. ಎಲೆ ಕಲಸುವ ಮುನ್ನ ಮಾತ್ರ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ನನ್ನ ಸರಪಳಿಯಲ್ಲಿ ಕೊಂಡಿಗಳೆಷ್ಟು? ಅವುಗಳಲ್ಲಿ ಯಾವುದನ್ನು ಬಿಡಬಹುದು?