ಪ್ರೊಪೆಲರ್ ತಿರುಗುವ ಮುನ್ನ

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ನಮ್ಮ ಬಾವಿಗೆ ಕೈಯಿಂದ ತಿರುಗಿಸುವ ಡೀಸೆಲ್ ಇಂಜಿನ್ ಇತ್ತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕೆಂಬುದು ತಂದೆಯವರ ಕಟ್ಟಪ್ಪಣೆ. ಇಂಜಿನ್ ಹಿಂದಕ್ಕೆ ಒದ್ದರೆ, ಹ್ಯಾಂಡಲಿಗೆ ಸುತ್ತಿಕೊಂಡ ಹೆಬ್ಬೆರಳು ಮುರಿಯುತ್ತದೆ. ಚಾಲೂ ಮಾಡುವುದೂ ಕಲಿಯಬೇಕಾದ ವಿದ್ಯೆ ಎಂಬುದನ್ನು ನಾನು ಅರಿತದ್ದು ಅಲ್ಲಿ.

ಅಧಿಕಾರಿಯಾದ ಮೇಲೆ ಅದನ್ನು ಮರೆತೆ. ವಿಮಾನ ಚಾಲನಾ ಶಾಲೆಯೊಂದು ಇಂಜಿನ್ ಚಾಲೂ ಮಾಡುವ ಅಭ್ಯಾಸಕ್ಕೆಂದು ಅಲ್ಪ ಮೊತ್ತ ಕೇಳಿತ್ತು. ನೆಲದ ಮೇಲೇ ನಿಂತ ವಿಮಾನದಲ್ಲಿ ಎಂತಹ ತರಬೇತಿ ಎಂದು ಷರಾ ಬರೆದು ಆ ಬಾಬ್ತನ್ನು ಹೊಡೆದುಹಾಕಿದೆ. ಮುಂದೆ ವಿಮಾನದ ಕೈಪಿಡಿಯನ್ನು ಓದಿದಾಗ ತಪ್ಪು ತಿಳಿಯಿತು.

ಪೆಟ್ರೋಲು ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಇಂಜಿನ್ನಿನಲ್ಲಿ ಸರಿಯಾಗಿ ಉರಿಯುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಸಾಕಷ್ಟು ಆವಿಯಾಗದ ಕಾರಣ, ಪ್ರೈಮರ್ ಎಂಬ ಸಣ್ಣ ಪಂಪಿನಿಂದ ಒಂದಿಷ್ಟು ಇಂಧನವನ್ನು ಮುಂಚಿತವಾಗಿ ಒಳಗೆ ಚಿಮ್ಮಿಸುತ್ತಾರೆ. ಕಡಿಮೆಯಾದರೆ ಇಂಜಿನ್ ಏಳದು. ಹೆಚ್ಚಾದರೆ ಇಂಧನ ಸಂಗ್ರಹವಾಗಿ, ಇಂಜಿನ್ ಹಿಂದಕ್ಕೆ ಸಿಡಿದಾಗ ಬೆಂಕಿ ಹೊತ್ತಬಹುದು. ಆಗ ಹೊಸಬನಿಗೆ ಸ್ಟಾರ್ಟರ್ ಬಿಟ್ಟು ಓಡಬೇಕೆನಿಸುವುದು ಸಹಜ. ಆದರೆ ಸಾಮಾನ್ಯ ಸೂಚನೆ ಇದಕ್ಕೆ ವಿರುದ್ಧ: ಇಂಜಿನ್ನನ್ನು ತಿರುಗಿಸುತ್ತಲೇ ಇದ್ದು ಜ್ವಾಲೆಯನ್ನು ಒಳಗೆಳೆಸಬೇಕು, ಆಗಲೂ ಆರದಿದ್ದರೆ ಇಂಧನ ಮುಚ್ಚಿ ಹೊರಬರಬೇಕು. ಸಹಜ ಬುದ್ಧಿಗೆ ವಿರುದ್ಧವಾದದ್ದು ಅಭ್ಯಾಸವಿಲ್ಲದೆ ಕೈಗೆ ಬರುವುದಿಲ್ಲ.

ಇನ್ನೊಂದು ಅಪಾಯ ಮ್ಯಾಗ್ನೆಟೊ. ಇದಕ್ಕೆ ಬ್ಯಾಟರಿ ಬೇಡ. ತಿರುಗಿದರೆ ತಾನೇ ಕಿಡಿ ಕೊಡುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವ ತಂತಿ ಕಡಿದಿದ್ದರೆ, ಸ್ವಿಚ್ ಆರಿಸಿದ್ದರೂ ಕಿಡಿ ಇದ್ದೇ ಇರುತ್ತದೆ. ಆದ್ದರಿಂದಲೇ ನಿಂತ ಪ್ರೊಪೆಲರನ್ನೂ ಜೀವಂತವೆಂದೇ ಭಾವಿಸಬೇಕು. ಸುತ್ತ ನೋಡಿ, ಕೂಗಿ ಎಚ್ಚರಿಸಿ, ಆಮೇಲೆ ಸ್ಟಾರ್ಟರ್ ಒತ್ತಬೇಕು. ಇಂಜಿನ್ ಎದ್ದ ಮೇಲೂ ಕಣ್ಣು ಆಯಿಲ್ ಒತ್ತಡದ ಮೇಲಿರಬೇಕು. ಸಾಮಾನ್ಯವಾಗಿ 30 ಸೆಕೆಂಡಿನಲ್ಲಿ ಅದು ಕಾಣಿಸದಿದ್ದರೆ ನಿಲ್ಲಿಸುವುದೇ ನಿಯಮ.

ಇದೇನೂ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೂ, ಪುಷ್ಪಕ್ 1958ರಲ್ಲೂ ಮೊದಲ ಹಾರಾಟ ನಡೆಸಿದವು. ಪುಷ್ಪಕ್‌ನ ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಚಾಲೂ ಮಾಡುತ್ತಿದ್ದರು. ಇಂತಹ ಕೆಲಸಕ್ಕೆ ಚಕ್ರಗಳಿಗೆ ಅಡೆಗಟ್ಟೆ ಬೇಕು. ಒಳಗೆ ಬ್ರೇಕ್ ಹಿಡಿದ ಅನುಭವಿ ಬೇಕು. ಒಬ್ಬನೇ ಮಾಡುವ ಸಾಹಸವಲ್ಲ ಅದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಪರಿಚಿತ ದೋಷವೊಂದು ಕಾಣುತ್ತದೆ. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮಲ್ಲಿ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಶಾಲೆ ಮಾರುವುದು ಗಂಟೆಯನ್ನು. ಪೋಷಕರು ಸಾಲ ಮಾಡಿ ಕೊಳ್ಳುವುದೂ ಗಂಟೆಯನ್ನೇ. ಲೆಕ್ಕಕ್ಕೆ ಬಾರದ ನೆಲದ ನಿಮಿಷಗಳಿಗೆ ಬೆಲೆಯಿಲ್ಲದಂತಾಗುತ್ತದೆ. ಅವಸರಕ್ಕೆ ಮೂಲ ಇದೇ.

ಪರಿಹಾರ ದುಬಾರಿಯಲ್ಲ. ಇಂಧನ ತುಂಬಿಹೋದ ಇಂಜಿನ್, ಬೆಂಕಿ, ಆಯಿಲ್ ಒತ್ತಡದ ಕೊರತೆ, ಈ ಮೂರು ಸಂದರ್ಭಗಳ ಅಭ್ಯಾಸವನ್ನು ನಿಂತ ವಿಮಾನದಲ್ಲೇ ಮಾಡಿಸಬಹುದು. ಅದನ್ನು ಪ್ರತ್ಯೇಕವಾಗಿ ದಾಖಲಿಸಿ, ಬೋಧಕರು ಸಹಿ ಹಾಕಿದ ಮೇಲಷ್ಟೇ ಮುಂದಿನ ಹಂತಕ್ಕೆ ಬಿಡಲಿ. ಅದಕ್ಕೆ ತಗಲುವ ವೆಚ್ಚ ವಿದ್ಯಾರ್ಥಿಯ ಹಾರಾಟದ ಗಂಟೆಗಳಿಂದ ಕಡಿತವಾಗದಿರಲಿ.

ಹೆಬ್ಬೆರಳಿನ ಪಾಠಕ್ಕೆ ನನ್ನ ತಂದೆ ಶುಲ್ಕ ಪಡೆಯಲಿಲ್ಲ. ಆ ಕಡತ ಇಂದು ನನ್ನ ಮೇಜಿಗೆ ಬಂದರೆ, ಮಂಜೂರು ಮಾಡಿ ಸಹಿ ಹಾಕುತ್ತೇನೆ.