ಪೋಲೀಸರೂ ಅಂಗವಿಕಲ ಚಾಲಕರೂ

ರಾಜ್ಯದ ಸತ್ತೆಯನ್ನು ಸಾಮಾನ್ಯ ಪ್ರಜೆಯು ಕಾಣುವುದು ವಿಧಾನಸೌಧದಲ್ಲಲ್ಲ. ಬೀದಿಯ ತಿರುವಿನಲ್ಲಿ ಕೈಯೆತ್ತಿ ನಿಂತ ಪೋಲೀಸು ಶಿಪಾಯಿಯಲ್ಲಿ. ಆ ಶಿಪಾಯಿಯ ನಡೆನುಡಿಯೇ ಬಹುಜನರ ಪಾಲಿಗೆ ಸರಕಾರದ ನಡೆನುಡಿ. ಪರಕೀಯರ ಆಳ್ವಿಕೆಯಲ್ಲಿ ಜನರನ್ನು ಅಂಜಿಸಿ ಅಂಕೆಯಲ್ಲಿಡುವುದೇ ಪೋಲೀಸರ ಮುಖ್ಯ ಕಾರ್ಯವಾಗಿತ್ತು. 1861ರ ಪೋಲೀಸು ಕಾಯಿದೆಯು ಹುಟ್ಟಿದ್ದು ಆ ದೃಷ್ಟಿಯಿಂದಲೇ. ಸ್ವರಾಜ್ಯ ಬಂದ ಮೇಲೆ ಅವರು ಪ್ರಜೆಗಳ ಸೇವಕರಾದರು. ಈ ಮಾರ್ಪಾಡು ಬರಿಯ ಕಾಗದದ ಮೇಲಿನದೋ, ರಸ್ತೆಯ ಮೇಲೂ ಇಳಿದು ಬಂದಿರುವುದೋ ಎಂಬುದನ್ನು ಒರೆಗೆ ಹಚ್ಚಿ ನೋಡಬೇಕಾದರೆ, ಅಂಗವಿಕಲನಾದ ಚಾಲಕನೊಬ್ಬನನ್ನು ಪೋಲೀಸರು ತಡೆದಾಗ ಏನಾಗುವುದೆಂಬುದನ್ನು ಗಮನಿಸಿದರೆ ಸಾಕು. ಈ ವಿಷಯದತ್ತ ಬೆಳಗಾವಿಯ ಅಧಿಕಾರಿಗಳ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷವೆಂದು ದಾಖಲಾಗಿದೆ. ಇವರಲ್ಲಿ ನಡೆಯಲಾರದ ಅನೇಕರಿಗೆ, ಹಿಂಬದಿಗೆ ಹೆಚ್ಚಿನ ಚಕ್ರಗಳನ್ನು ಜೋಡಿಸಿದ ಮೋಟಾರು ವಾಹನಗಳನ್ನು ರಾಜ್ಯ ಸರಕಾರವೇ ಉಚಿತವಾಗಿ ಕೊಡುತ್ತ ಬಂದಿದೆ. ಅಂಥ ವಾಹನವೇ ಅವರ ಕಾಲು. ಅದರ ಮೇಲೆಯೇ ಅವರು ಕಚೇರಿಗೆ, ಅಂಗಡಿಗೆ, ದವಾಖಾನೆಗೆ ಹೋಗುತ್ತಾರೆ. ಸರಕಾರವು ಒಂದು ಕೈಯಿಂದ ವಾಹನವನ್ನು ಕೊಟ್ಟು, ಅದನ್ನು ಏರಿ ಬಂದವನನ್ನು ಇನ್ನೊಂದು ಕೈಯಿಂದ ಅವಮಾನಗೊಳಿಸಿದರೆ ಕೊಟ್ಟ ದಾನದ ಪುಣ್ಯವೆಲ್ಲ ನೀರಿನಲ್ಲಿ ಹೋಯಿತೆಂದೇ ತಿಳಿಯಬೇಕು.

ತಪ್ಪು ಸಂಭವಿಸುವುದು ಬಹುತೇಕ ದುರುದ್ದೇಶದಿಂದಲ್ಲ, ಅರಿವಿಲ್ಲದೆ. ಚನ್ನಮ್ಮ ವೃತ್ತದ ಗದ್ದಲದಲ್ಲಿ ಹಿಂದಿನಿಂದ ಊದಿದ ಸೀಟಿಯು ಕಿವುಡನಾದ ಚಾಲಕನಿಗೆ ಕೇಳಿಸುವುದಿಲ್ಲ; ಅವನು ಮುಂದೆ ಹೋದರೆ ಓಡಿಹೋಗುತ್ತಿದ್ದಾನೆಂಬ ಸಂಶಯ. ತಡೆದಾಗ ಅವನು ಕಿವಿಯತ್ತ ಬೆರಳು ತೋರಿಸಿದರೆ ಉದ್ಧಟತನವೆಂಬ ಭಾವನೆ. ಮೆದುಳಿನ ಲಕ್ವದಿಂದ ಮಾತು ತೊದಲುವವನನ್ನು ಕುಡಿದವನೆಂದು ತಿಳಿಯುವುದೂ ಸುಲಭ. “ಕೆಳಗಿಳಿ” ಎಂಬ ಆಜ್ಞೆಯು ಆಡುವವನಿಗೆ ಎರಡಕ್ಷರ ಹೆಚ್ಚಿನ ಮಾತಲ್ಲ. ಊರುಗೋಲನ್ನು ಗಾಡಿಗೆ ಕಟ್ಟಿಕೊಂಡು ಬಂದವನಿಗೆ ಅದು ನಡುಬೀದಿಯ ಶಿಕ್ಷೆ. ಖಾನಾಪುರದ ಕಡೆಯ ರಸ್ತೆಯಲ್ಲಿ, ಆಷಾಢದ ಮಳೆ ಹಿಡಿದು ಸುರಿಯುತ್ತಿರುವಾಗ, ಆ ಶಿಕ್ಷೆಯು ಇಮ್ಮಡಿಯಾಗುತ್ತದೆ. ಕನ್ನಡ, ಮರಾಠಿ, ಉರ್ದುಗಳಲ್ಲಿ ಯಾವುದರಲ್ಲಿ ಮಾತನಾಡಬೇಕೆಂಬುದನ್ನು ಗಡಿನಾಡಿನ ಶಿಪಾಯಿಯು ಬೇಗನೆ ಕಲಿಯುತ್ತಾನೆ. ಆದರೆ ಈ ಮೂರೂ ಕೇಳಿಸದವನೊಡನೆ ಮಾತನಾಡುವ ಬಗೆಯನ್ನು ಅವನಿಗೆ ಕಲಿಸಿಕೊಡಬೇಕಾಗುತ್ತದೆ.

ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಕಿವುಡರೂ ಪರೀಕ್ಷೆಗೆ ಕುಳಿತು ತೇರ್ಗಡೆಯಾದರೆ ಚಾಲನಾ ಪರವಾನಿಗೆಗೆ ಅರ್ಹರೆಂದು ದೆಹಲಿ ಉಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿತು. ಅಂಗವಿಕಲರ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿದ ವಾಹನಗಳನ್ನು 1988ರ ಮೋಟಾರು ವಾಹನ ಕಾಯಿದೆಯು, 2019ರ ತಿದ್ದುಪಡಿಯ ತರುವಾಯ, ಸ್ಪಷ್ಟವಾಗಿ ಮನ್ನಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇನ್ನೂ ಮುಂದೆ ಹೋಗಿದೆ. ಸಾರ್ವಜನಿಕರ ಕಣ್ಣೆದುರಿಗೆ ಅಂಗವಿಕಲರನ್ನು ಹೀನೈಸುವ ಉದ್ದೇಶದಿಂದ ಅವಮಾನಿಸುವವರಿಗೆ ಅದರ 92ನೆಯ ಕಲಮು ಆರು ತಿಂಗಳಿಗೆ ಕಡಿಮೆಯಿಲ್ಲದೆ ಐದು ವರ್ಷಗಳವರೆಗಿನ ಸೆರೆಮನೆಯನ್ನು ವಿಧಿಸಿದೆ. 47ನೆಯ ಕಲಮು ಪೋಲೀಸು ಅಧಿಕಾರಿಗಳ ತರಬೇತಿಯಲ್ಲೆಲ್ಲ ಅಂಗವಿಕಲರ ಹಕ್ಕುಗಳ ಪಾಠವನ್ನು ಕಡ್ಡಾಯ ಮಾಡಬೇಕೆಂದು ಹೇಳುತ್ತದೆ. ಶಿಕ್ಷೆಯನ್ನು ಹೇಳುವ ಕಲಮಿಗಿಂತ ಶಿಕ್ಷಣವನ್ನು ಹೇಳುವ ಈ ಕಲಮಿನಲ್ಲಿಯೇ ನಮಗೆ ಹೆಚ್ಚಿನ ಭರವಸೆ.

ತಡೆಯುವ ಬಗೆಯಲ್ಲಿಯೇ ಪ್ರಾಣವು ಅಡಗಿದೆಯೆಂಬುದನ್ನು 2025ರ ಮೇ ತಿಂಗಳು ಮಂಡ್ಯದಲ್ಲಿ ನಡೆದ ದುರ್ಘಟನೆಯು ನಾಡಿಗೆಲ್ಲ ತೋರಿಸಿತು. ತಪಾಸಣೆಗಾಗಿ ಪೋಲೀಸರು ಮೋಟಾರು ಸೈಕಲನ್ನು ತಡೆದಾಗ ತಂದೆತಾಯಿಗಳೊಡನೆ ಆಸ್ಪತ್ರೆಗೆ ಹೋಗುತ್ತಿದ್ದ ಮೂರು ವರ್ಷದ ಮಗುವು ಬಿದ್ದು ಅಸುನೀಗಿತು. ಬಳಿಕ ರಾಜ್ಯದ ಪೋಲೀಸು ಮುಖ್ಯಸ್ಥರು, ವಾಹನಗಳಿಗೆ ಹಠಾತ್ತನೆ ಅಡ್ಡ ಬರಕೂಡದು, ಕೀಲಿಕೈಯನ್ನು ಕಿತ್ತುಕೊಳ್ಳಕೂಡದು ಎಂದು ಸೂಚನೆಗಳನ್ನು ಹೊರಡಿಸಿದರು. ಎರಡು ಕಾಲು ಗಟ್ಟಿಯಾಗಿರುವವನ ಕೀಲಿಕೈಯನ್ನು ಕಿತ್ತುಕೊಂಡರೆ ಅವನು ನಡೆದಾದರೂ ಮನೆ ಸೇರಿಯಾನು, ಕಾಲಿಲ್ಲದವನ ಗತಿಯೇನು? ಆ ಸೂಚನೆಗಳು ಯಾರ ರಕ್ಷಣೆಗೆ ಎಲ್ಲರಿಗಿಂತ ಹೆಚ್ಚು ಬೇಕಾದವುಗಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಳಗಾವಿಗೆ ಈ ಕಾರ್ಯದಲ್ಲಿ ಒಂದು ವಿಶೇಷ ಅನುಕೂಲವಿದೆ. ನಗರದಿಂದ ಸುಮಾರು 25 ಕಿಲೋಮೀಟರು ದೂರದ ಖಾನಾಪುರದಲ್ಲಿ ರಾಜ್ಯದ ಪೋಲೀಸು ತರಬೇತಿ ಶಾಲೆಯಿದೆ. ಹೊಸದಾಗಿ ಸೇರಿದ ಶಿಪಾಯಿಗಳು ಅಲ್ಲಿ ಕವಾಯತನ್ನೂ ಕಾಯಿದೆಯನ್ನೂ ಕಲಿತು ನಾಡಿನ ಠಾಣೆಗಳಿಗೆ ಹೋಗುತ್ತಾರೆ. ಅಲ್ಲಿ ಕಲಿಸಿದ್ದು ಚನ್ನಮ್ಮ ವೃತ್ತದಲ್ಲಿ ಕಾಣುತ್ತದೆ. ಅಲ್ಲಿ ಕಲಿಸದೆ ಬಿಟ್ಟದ್ದೂ ಕಾಣುತ್ತದೆ. ಆದರೆ 47ನೆಯ ಕಲಮಿನ ಪಾಠವು ಒಂದು ತಾಸಿನ ಉಪನ್ಯಾಸವಾಗಿ ಮುಗಿಯಕೂಡದು. ಅಂಗವಿಕಲ ಚಾಲಕರನ್ನೇ ಶಾಲೆಯ ಅಂಗಳಕ್ಕೆ ಕರೆಯಿಸಿ, ಅವರ ವಾಹನಗಳನ್ನು ತಡೆಯುವುದನ್ನು ಶಿಪಾಯಿಗಳಿಂದ ಮಾಡಿಸಿ ನೋಡಬೇಕು. ಎದುರಿಗೆ ನಿಂತು ಕೈಸನ್ನೆ ಮಾಡುವುದು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡುವುದು, ಕಾಗದದ ಮೇಲೆ ಬರೆದು ಕೇಳುವುದು, ಕುಳಿತಲ್ಲಿಯೇ ದಾಖಲೆಗಳನ್ನು ನೋಡುವುದು, ಇವು ಪುಸ್ತಕದಿಂದಲ್ಲ, ಅಭ್ಯಾಸದಿಂದ ಬರತಕ್ಕವು.

ಪರದೇಶದ ಒಂದು ಏರ್ಪಾಡೂ ಅನುಕರಣೀಯವಾಗಿದೆ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ 2020ರಿಂದ ಆಟಿಸಂ ಇರುವ ಚಾಲಕರಿಗೆ ನೀಲಿ ಲಕೋಟೆಯೊಂದನ್ನು ಕೊಡುತ್ತಾರೆ. ಪರವಾನಿಗೆ ಮೊದಲಾದ ಕಾಗದಗಳು ಅದರೊಳಗೆ. ಚಾಲಕನೂ ಪೋಲೀಸನೂ ಹೇಗೆ ವರ್ತಿಸಬೇಕೆಂಬ ಸೂಚನೆಗಳು ಅದರ ಮೇಲೆ. ಕಾಗದದ ಒಂದು ಚೀಲಕ್ಕೆ ತಗಲುವ ವೆಚ್ಚವೆಷ್ಟು? ನಗರದ ಪೋಲೀಸು ಆಯುಕ್ತರೂ, ಖಾನಾಪುರ ತಾಲೂಕಿನ ಹೊಣೆ ಹೊತ್ತ ಜಿಲ್ಲಾ ಪೋಲೀಸು ವರಿಷ್ಠರೂ, ಪ್ರಾದೇಶಿಕ ಸಾರಿಗೆ ಅಧಿಕಾರಿಗಳೂ ಕೂಡಿ ಇಂಥದೊಂದನ್ನು ಇಲ್ಲಿಯ ಭಾಷೆಗಳಲ್ಲಿ ಅಚ್ಚು ಹಾಕಿಸಿ, ಕೇಳಿದ ಅಂಗವಿಕಲ ಚಾಲಕರಿಗೆಲ್ಲ ಪರವಾನಿಗೆಯೊಡನೆಯೇ ಕೊಡಲಿ. ಅದನ್ನು ಇಟ್ಟುಕೊಳ್ಳುವುದು ಅವರ ಇಚ್ಛೆಗೆ ಬಿಟ್ಟದ್ದಾಗಿರಲಿ.

ಕಾಯಿದೆಯಿಂದ ವಿನಾಯಿತಿ ಕೇಳುತ್ತಿದ್ದೀರೆಂದು ಕೆಲವರು ಆಕ್ಷೇಪಿಸಬಹುದು. ಖಂಡಿತವಾಗಿಯೂ ಅಲ್ಲ. ಶಿರಸ್ತ್ರಾಣವಿಲ್ಲದೆ ಬಂದವನು, ಕೆಂಪು ದೀಪವನ್ನು ದಾಟಿದವನು ಯಾರೇ ಆಗಲಿ, ದಂಡ ತೆರಲಿ. ಪರವಾನಿಗೆಯನ್ನು ಪಡೆಯುವುದು, ವಾಹನದ ಮಾರ್ಪಾಡನ್ನು ನೋಂದಾಯಿಸುವುದು, ಕಾಗದಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ಅಂಗವಿಕಲ ಚಾಲಕರ ಕರ್ತವ್ಯವೂ ಹೌದು. ಬಿಸಿಲಿನಲ್ಲಿ, ಹೊಗೆಯಲ್ಲಿ ದಿನವಿಡೀ ನಿಲ್ಲುವ ಶಿಪಾಯಿಯ ಕಷ್ಟವನ್ನೂ ನಾವು ಬಲ್ಲೆವು. ನಾವು ಬೇಡುವುದು ದಂಡದ ಮಾಫಿಯನ್ನಲ್ಲ, ಮರ್ಯಾದೆಯನ್ನು. ಅದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚಿನ ಹಣವೂ ಬೇಡ. ಅಧಿಕಾರಿಗಳ ಮನಸ್ಸೊಂದಿದ್ದರೆ ಸಾಕು.

1924ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವನ್ನು ಕಂಡ ಊರು ಬೆಳಗಾವಿ. ಸ್ವರಾಜ್ಯವು ಕಟ್ಟಕಡೆಯ ಮನುಷ್ಯನಿಗೂ ತಲುಪಬೇಕೆಂಬ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಖಾನಾಪುರದ ಶಾಲೆಯಿಂದ ಹೊರಬೀಳುವ ಮುಂದಿನ ತಂಡದ ಶಿಪಾಯಿಗಳಾದರೂ, ಊರುಗೋಲು ಕಟ್ಟಿದ ಗಾಡಿಯೊಂದು ಕಂಡಾಗ “ಕೆಳಗಿಳಿ” ಎನ್ನುವುದರ ಬದಲು “ಕುಳಿತಿರಿ, ಕಾಗದ ತೋರಿಸಿರಿ” ಎನ್ನುವಂತಾಗಲಿ. ಸಂಬಂಧಪಟ್ಟ ಅಧಿಕಾರಿಗಳು ಈ ಕಾರ್ಯವನ್ನು ಅವಿಳಂಬವಾಗಿ ಕೈಕೊಳ್ಳುವರೆಂದು ಆಶಿಸುತ್ತೇವೆ.